ಬೀಗರ ದೂತ ಕಂಡ ಬಿಜಾಪುರ

ಮದುವೆ ಮನೆಗೆ ಪರಸ್ಥಳದ ಅತಿಥಿ ಬಂದರೆ ಅವನ ಕಣ್ಣಿಗೆ ಬೀಳುವುದೇ ಬೇರೆ. ಮನೆಯವರಿಗೆ ಹಂದರ, ಬೀಗರ ಉಪಚಾರ, ಅಡುಗೆಯ ಚಿಂತೆ. ಅತಿಥಿಗೆ ಮಾತ್ರ ಎಲ್ಲವೂ ಹೊಸತು. ಟಿಕೋಟಾ, ಬಬಲೇಶ್ವರದ ಕಡೆಯ ಮದುವೆಗಳಿಗೆ ದೂರದ ಊರುಗಳಿಂದ ಬಂದ ಗೆಳೆಯರು ಮಾದಲಿಯ ಮೇಲೆ ತುಪ್ಪ ಸುರಿಯುವ ಧಾರಾಳವನ್ನು ಕಂಡು ಬೆರಗಾಗುವುದನ್ನು ನಾವೆಲ್ಲ ನೋಡಿದ್ದೇವೆ. ನಾನೂರು ವರ್ಷಗಳ ಹಿಂದೆ ಇದೇ ವಿಜಯಪುರಕ್ಕೆ ಇಂಥದೇ ಒಬ್ಬ ಅತಿಥಿ ಬಂದಿದ್ದ. ಬಂದದ್ದು ಮದುವೆಯ ಕೆಲಸಕ್ಕೆ, ಹೆಣ್ಣನ್ನು ಕರೆದೊಯ್ಯಲು. ಆದರೆ ಕಂಡದ್ದನ್ನೆಲ್ಲ ಬರೆದಿಟ್ಟ. ಹಾಗಾಗಿ 1604ರ ಬಿಜಾಪುರ ಇಂದಿಗೂ ನಮಗೆ ಕಾಣುತ್ತದೆ.

ಅವನ ಹೆಸರು ಅಸದ್ ಬೇಗ್. ಇರಾನಿನ ಕಜ್ವೀನಿನವನು. ಅಕ್ಬರನ ಆಪ್ತ ಅಬುಲ್ ಫಜಲ್‌ನ ಬಳಿ ಹಲವು ವರ್ಷ ಸೇವೆಯಲ್ಲಿದ್ದ. 1602ರಲ್ಲಿ ಅಬುಲ್ ಫಜಲ್‌ನ ಕೊಲೆಯಾದಾಗ ಅಕ್ಬರನ ಕೋಪ ಇವನ ಮೇಲೂ ತಿರುಗಿತ್ತು. ಹೇಗೋ ಕ್ಷಮೆ ದೊರೆತು ಬಾದಶಹನ ನೇರ ಸೇವೆಗೆ ಸೇರಿಕೊಂಡ. ಕಳೆದುಕೊಂಡ ವಿಶ್ವಾಸವನ್ನು ಮರಳಿ ಗಳಿಸಬೇಕಾಗಿದ್ದ ಇಂಥವನಿಗೆ ಒಪ್ಪಿಸಿದ ಕೆಲಸವಾದರೂ ಎಂಥದು? ನಾಲ್ಕು ವರ್ಷಗಳಿಂದ ನಡೆಯದೆ ನಿಂತ ಮದುವೆಯನ್ನು ನಡೆಸುವುದು!

ಹುಡುಗಿ ಎರಡನೆಯ ಇಬ್ರಾಹಿಂ ಆದಿಲಶಾಹನ ಮಗಳು ಸುಲ್ತಾನಾ ಬೇಗಂ. ಹುಡುಗ ಅಕ್ಬರನ ಕಿರಿಯ ಮಗ ದಾನಿಯಾಲ್. 1600ರಲ್ಲೇ ಸಂಬಂಧ ಗೊತ್ತಾಗಿ, ನಿಶ್ಚಿತಾರ್ಥದ ಉಡುಗೊರೆಗಳೊಂದಿಗೆ ಮೀರ್ ಜಮಾಲುದ್ದೀನ್ ಹುಸೇನ್ ಎಂಬ ದೂತ ಬುರ್ಹಾನಪುರದಿಂದ ಬಿಜಾಪುರಕ್ಕೆ ಬಂದಿದ್ದ. ಬಂದವನು ಇಲ್ಲೇ ಉಳಿದುಬಿಟ್ಟ. ಹುಡುಗಿಗೆ ಈ ಮದುವೆ ಇಷ್ಟವಿರಲಿಲ್ಲ. ಸುಲ್ತಾನನಿಗೂ ಅವಸರವಿರಲಿಲ್ಲ. ದೂತನಿಗಂತೂ ಆದಿಲಶಾಹಿ ಆತಿಥ್ಯ ಚೆನ್ನಾಗಿಯೇ ಒಗ್ಗಿತ್ತು. ಕಾಯ್ದು ಕಾಯ್ದು ಬೇಸತ್ತ ಅಕ್ಬರ್, ದೂತನನ್ನೂ ಹೆಣ್ಣನ್ನೂ ಕಪ್ಪಕಾಣಿಕೆಯನ್ನೂ ಒಟ್ಟಿಗೆ ತರಲು ಅಸದ್ ಬೇಗನನ್ನು ಅಟ್ಟಿದ.

ಹುಡುಗಿ ಯಾಕೆ ಒಲ್ಲೆನೆಂದಳು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಇಬ್ರಾಹಿಂ 1580ರಲ್ಲಿ ಪಟ್ಟಕ್ಕೆ ಬಂದಾಗ ಒಂಬತ್ತು ವರ್ಷದ ಹುಡುಗ. ಅವನ ಪರವಾಗಿ ನಿಂತು ರಾಜ್ಯವನ್ನು ಉಳಿಸಿಕೊಟ್ಟವಳು ದೊಡ್ಡಪ್ಪನ ಹೆಂಡತಿ ಚಾಂದಬೀಬಿ. ಆಮೇಲೆ ಆಕೆ ತವರಾದ ಅಹಮದನಗರಕ್ಕೆ ಹೋಗಿ ಮೊಗಲರನ್ನು ಎದುರಿಸಿದಳು. 1600ರ ಮುತ್ತಿಗೆಯ ನಡುವೆ ತನ್ನವರ ಕೈಯಲ್ಲೇ ಸತ್ತಳು. ಆ ಮುತ್ತಿಗೆ ಹಾಕಿದ ಸೈನ್ಯದ ಮುಖಂಡ ಬೇರಾರೂ ಅಲ್ಲ, ಮದುವಣಿಗ ದಾನಿಯಾಲನೇ. ಮರುವರ್ಷ ಅಸೀರಗಡವೂ ಮೊಗಲರ ವಶವಾಯಿತು. ಬಿಜಾಪುರದ ಪಾಲಿಗೆ ಈ ಮದುವೆ ಸಂಬಂಧವೂ ಹೌದು, ಜಾಮೀನೂ ಹೌದು. ಹಾಗೆ ನೋಡಿದರೆ ಇದು ದಖ್ಖನಿಗೆ ಹೊಸದಲ್ಲ. ಚಾಂದಬೀಬಿಯನ್ನು ಬಿಜಾಪುರಕ್ಕೆ ಕೊಟ್ಟಾಗ ಸೊಲ್ಲಾಪುರದ ಕೋಟೆಯೇ ಬಳುವಳಿಯಾಗಿ ಬಂದಿತ್ತು. ಆ ಬೀಗತನದ ಬೆನ್ನಿಗೇ 1565ರಲ್ಲಿ ತಾಳಿಕೋಟೆಯ ಯುದ್ಧ ನಡೆಯಿತು.

ಈಗ ಅತಿಥಿಯ ಕಣ್ಣಿಗೆ ಬರೋಣ. ಅಸದ್ ಬೇಗ್ ಬಂದಾಗ ಗೋಲಗುಮ್ಮಟ ಇರಲಿಲ್ಲ, ಇಬ್ರಾಹಿಂ ರೋಜಾ ಕೂಡ ಮುಗಿದಿರಲಿಲ್ಲ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಜಾಮಿಯಾ ಮಸೀದಿ, ಗಗನಮಹಲ್, ಉಪ್ಪಲಿ ಬುರುಜು ಇದ್ದವು. ಆದರೆ ಅವನನ್ನು ಹಿಡಿದು ನಿಲ್ಲಿಸಿದ್ದು ಕಟ್ಟಡಗಳಲ್ಲ, ಪೇಟೆ. ಮೂವತ್ತು ಗಜ ಅಗಲ, ಎರಡು ಕೋಸು ಉದ್ದದ ಬಜಾರು ಎನ್ನುತ್ತಾನೆ. ಪ್ರತಿ ಅಂಗಡಿಯ ಮುಂದೆ ಹಸಿರು ಮರ, ಎಲ್ಲೆಲ್ಲೂ ಶುಚಿ. (ಇಂದಿನ ನಮ್ಮ ಪೇಟೆಯಲ್ಲಿ ನಡೆದಾಡುವವರು ಈ ಸಾಲನ್ನು ಎರಡು ಸಲ ಓದಬಹುದು.) ಆಭರಣದ ಅಂಗಡಿಯಲ್ಲಿ ಗಿಳಿ, ಪಾರಿವಾಳ, ನವಿಲುಗಳ ಆಕಾರದ ರತ್ನಖಚಿತ ಒಡವೆಗಳು ಮೆಟ್ಟಿಲು ಮೆಟ್ಟಿಲಾದ ಹಲಗೆಗಳ ಮೇಲೆ. ಪಕ್ಕದಲ್ಲೇ ರೊಟ್ಟಿ, ಭಕ್ಷ್ಯ ಮಾರುವವನು, ಆಮೇಲೆ ಬಟ್ಟೆಯವನು, ಅದರಾಚೆ ಚೀನೀ ಪಾತ್ರೆ, ಸ್ಫಟಿಕದ ಸೀಸೆಗಳನ್ನಿಟ್ಟ ಮದ್ಯದ ವ್ಯಾಪಾರಿ, ಮುಂದೆ ಪಿಸ್ತಾ, ಬಾದಾಮಿ, ಕಲ್ಲುಸಕ್ಕರೆ. ಹಾಡುವವರು, ಕುಣಿಯುವವರು ಬೇರೆ. ಇಷ್ಟು ಜನ ಕುಡಿದು ನಲಿದರೂ ಒಬ್ಬರೊಡನೊಬ್ಬರು ಜಗಳವಾಡುವುದಿಲ್ಲ ಎಂಬುದೇ ಅವನಿಗೆ ದೊಡ್ಡ ಆಶ್ಚರ್ಯ. ಎರಡು ಕೋಸಿನ ಲೆಕ್ಕದಲ್ಲಿ ಅತಿಥಿಯ ಉತ್ಸಾಹ ಸ್ವಲ್ಪ ಸೇರಿರಬಹುದು. ಆದರೆ ಆಗ್ರಾ ಕಂಡವನು ಹೀಗೆ ಬೆರಗಾದ ಎಂಬುದನ್ನಂತೂ ಮರೆಯುವಂತಿಲ್ಲ.

ಸುಲ್ತಾನನದೋ ಇನ್ನೊಂದೇ ಲೋಕ. ಇಬ್ರಾಹಿಂನಿಗೆ ಸಂಗೀತದ ಹುಚ್ಚು. ತನ್ನ ತಂಬೂರಿಗೆ ಮೋತಿ ಖಾನ್ ಎಂದು ಹೆಸರಿಟ್ಟಿದ್ದ. ಸರಸ್ವತಿಯನ್ನು ಸ್ತುತಿಸಿ 'ಕಿತಾಬ್-ಎ-ನವರಸ್' ಬರೆದ ಇವನನ್ನು ಜನ ಜಗದ್ಗುರು ಎಂದೇ ಕರೆದರು. ಬೀಗರ ಕಡೆಯ ದೂತ ಬಂದಿದ್ದಾನೆ, ರಾಜಕೀಯದ ಮಾತಾಡಬೇಕು. ಇವನು ಕೇಳಿದ್ದು, ತಾನ್‌ಸೇನ್ ಅಕ್ಬರನ ಮುಂದೆ ನಿಂತು ಹಾಡುತ್ತಿದ್ದನೋ ಕುಳಿತೋ ಎಂದು! ಹಗಲು ದರ್ಬಾರಿನಲ್ಲಿ ನಿಂತು, ರಾತ್ರಿಯ ಗೋಷ್ಠಿ ಹಬ್ಬಗಳಲ್ಲಿ ಕುಳಿತು ಎಂದು ಅಸದ್ ಬೇಗ್ ಉತ್ತರಿಸಿದ. ಪ್ರಶ್ನೆ ಎಳಸೆನಿಸಬಹುದು. ನನಗಂತೂ ಹಾಗನಿಸುವುದಿಲ್ಲ. ಕಲಾವಿದನಿಗೆ ನಿಮ್ಮಲ್ಲಿ ಎಷ್ಟು ಗೌರವ ಎಂದು ಅಳೆಯುವ ಪ್ರಶ್ನೆ ಅದು. ಈ ಸುಲ್ತಾನ 1599ರಲ್ಲಿ ಸಂಗೀತಕ್ಕಾಗಿಯೇ ಎಂಬಂತೆ ನವರಸಪುರವೆಂಬ ಹೊಸ ನಗರ ಕಟ್ಟಲು ತೊಡಗಿದ್ದ. ವಿಜಯಪುರದಿಂದ ಟಿಕೋಟಾ ಕಡೆ ಹೊರಟರೆ ತೊರವಿಯ ಬಳಿ ಸಂಗೀತ ಮಹಲಿನ ಕಮಾನುಗಳು ಈಗಲೂ ನಿಂತಿವೆ. 1624ರಲ್ಲಿ ಮಲಿಕ್ ಅಂಬರ್ ಅದನ್ನು ಸೂರೆ ಮಾಡಿದ ಮೇಲೆ ನಗರ ಮತ್ತೆ ಏಳಲಿಲ್ಲ.

ಕೊನೆಗೂ ದಿಬ್ಬಣ ಹೊರಟಿತು. ಮುಸ್ತಫಾ ಖಾನನ ಬೆಂಗಾವಲು. ಹೆಣ್ಣಿನ ಜತೆ ಹೋದವರಲ್ಲಿ ಇತಿಹಾಸಕಾರ ಫಿರಿಶ್ತಾ ಕೂಡ ಇದ್ದ. ಅವನೂ ಪರದೇಶದವನೇ. ಕ್ಯಾಸ್ಪಿಯನ್ ಸಮುದ್ರದ ಬಳಿಯ ಅಸ್ತರಾಬಾದಿನಲ್ಲಿ ಹುಟ್ಟಿ ಬಿಜಾಪುರದಲ್ಲಿ ನೆಲೆಸಿದವನು. ಚಂಚಲ್ ಎಂಬ ಆನೆಯನ್ನೂ ಅಕ್ಬರನಿಗಾಗಿ ಕಳಿಸಬೇಕಾಯಿತು. ಕುಡಿತಕ್ಕೆ ಒಗ್ಗಿಹೋಗಿದ್ದ ಆ ಆನೆಗೆ ದಾರಿಯುದ್ದಕ್ಕೂ ಮದ್ಯ ಒದಗಿಸುವುದು ದೂತನ ಇನ್ನೊಂದು ತಲೆನೋವು!

ಒಂದು ರಾತ್ರಿ ಬಿಡಾರದಿಂದ ಮದುಮಗಳು ತಪ್ಪಿಸಿಕೊಂಡು ಓಡಿದಳು. ಬೆಳಗಾಗುವಾಗ ಹುಡುಕಿ ಹಿಡಿದು ಮತ್ತೆ ಡೇರೆಗೆ ತಂದರು. ಇಷ್ಟೇ ಸುದ್ದಿ. ಎಷ್ಟು ದೂರ ಹೋಗಿದ್ದಳು, ಜತೆಗೆ ಯಾರಿದ್ದರು, ಹಿಡಿದವರಿಗೆ ಏನೆಂದಳು? ಪೇಟೆಯ ಒಂದೊಂದು ಅಂಗಡಿಯನ್ನೂ ಹೆಸರಿಸಿ ಬರೆದ ಕಾಲದ ಲೇಖನಿಗಳು ಅವಳ ವಿಷಯಕ್ಕೆ ಬಂದಾಗ ಬಹಳ ಜಿಪುಣವಾಗುತ್ತವೆ. ಅವಳನ್ನು ಕರೆದೊಯ್ದದ್ದು ಅಹಮದನಗರಕ್ಕೆ, ಚಾಂದಬೀಬಿ ಸತ್ತ ಊರಿಗೆ. ದಾನಿಯಾಲ್ ಅಲ್ಲಿಗೆ ಬಂದು ಎದುರುಗೊಂಡ. 1604ರಲ್ಲಿ ಗೋದಾವರಿ ತೀರದ ಪೈಠಣದಲ್ಲಿ ಮದುವೆ ನಡೆಯಿತೆಂದು ಫಿರಿಶ್ತಾ ಬರೆಯುತ್ತಾನೆ.

ವರ್ಷ ತುಂಬುವಷ್ಟರಲ್ಲಿ ದಾನಿಯಾಲ್ ಬುರ್ಹಾನಪುರದಲ್ಲಿ ಕುಡಿತದಿಂದ ಸತ್ತ. ತಂದೆ ಮದ್ಯ ಮುಟ್ಟದಂತೆ ಕಾವಲು ಹಾಕಿಸಿದ್ದ. ಸೇವಕನೊಬ್ಬ ಬಂದೂಕಿನ ನಳಿಗೆಯಲ್ಲಿ ಮದ್ಯ ತುಂಬಿ ಒಳಗೆ ತಂದುಕೊಟ್ಟ, ನಳಿಗೆಯ ತುಕ್ಕು ಸೇರಿ ಅದೇ ವಿಷವಾಯಿತು ಎಂದು ಅಣ್ಣ ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ.

ಅಸದ್ ಬೇಗ್ ಮಾತ್ರ ಬಿಜಾಪುರದಿಂದ ಬರಿಗೈಯಲ್ಲಿ ಹೋಗಲಿಲ್ಲ. ಇಲ್ಲಿಯ ಪೇಟೆಯಲ್ಲಿ ಅವನು ಅದುವರೆಗೆ ಕಾಣದ ಒಂದು ಎಲೆ ಸಿಕ್ಕಿತ್ತು: ತಂಬಾಕು. ಪೋರ್ಚುಗೀಸರ ಗೋವೆ ಹತ್ತಿರವಿದ್ದುದರಿಂದ ದಖ್ಖನಿಗೆ ಅದು ಮೊದಲೇ ಬಂದಿತ್ತು. ರತ್ನ ಕೆತ್ತಿದ ಕೊಳವೆ ಮಾಡಿಸಿ, ತಟ್ಟೆಯಲ್ಲಿಟ್ಟು ಅಕ್ಬರನಿಗೆ ಒಪ್ಪಿಸಿದ. ಬಾದಶಹ ಎರಡು ಮೂರು ದಮ್ಮು ಎಳೆದ. ಹಕೀಮ ಬೇಡವೆಂದು ತಡೆದ. ಗೊತ್ತಿಲ್ಲದ ವಸ್ತು, ನಮ್ಮ ವೈದ್ಯಗ್ರಂಥಗಳಲ್ಲಿ ಇಲ್ಲ ಎಂಬುದು ಅವನ ವಾದ. ಹೊಸತೆಂಬ ಮಾತ್ರಕ್ಕೆ ತಳ್ಳಿಬಿಡಬಾರದು ಎಂದು ಅಸದ್ ಬೇಗ್ ವಾದಿಸಿ ಗೆದ್ದ! ಅಕ್ಬರ್ ಮತ್ತೆ ಸೇದಲಿಲ್ಲ, ಆದರೆ ಅಮೀರರೆಲ್ಲ ಕೇಳಿ ಕೇಳಿ ತರಿಸಿಕೊಂಡರು. 1617ರಲ್ಲಿ ಜಹಾಂಗೀರ್ ನಿಷೇಧಿಸುವ ಹೊತ್ತಿಗೆ ಚಟ ಊರೂರಿಗೆ ಹಬ್ಬಿತ್ತು. ನಿಪ್ಪಾಣಿಯ ತಂಬಾಕಿನ ಹೆಸರು ಕೇಳಿದವರಿಗೆ ಹಕೀಮನ ಮಾತು ನೆನಪಾಗದೆ ಇರದು.

ಆಗ್ರಾದ ಮೊಗಲರು ಬಿಜಾಪುರದ ಹೆಣ್ಣನ್ನು ಕೇಳಿದ್ದು ಇದೇ ಕೊನೆಯಲ್ಲ. 1679ರ ಜುಲೈನಲ್ಲಿ ಸಿಕಂದರ್ ಆದಿಲಶಾಹನ ಅಕ್ಕ ಶಹರಬಾನು ಔರಂಗಜೇಬನ ಮಗ ಅಜಂನಿಗಾಗಿ ನಗರ ಬಿಟ್ಟು ಹೊರಟಳು. ಪಾದಶಾಹ ಬೀಬಿ ಎಂದು ಅಕ್ಕರೆಯಿಂದ ಕರೆಯುತ್ತಿದ್ದ ಜನ ಕಣ್ಣೀರಿಟ್ಟು ಬೀಳ್ಕೊಟ್ಟರು. 1681ರಲ್ಲಿ ಮದುವೆಯಾಯಿತು. 1685ರಲ್ಲಿ ಬಿಜಾಪುರಕ್ಕೆ ಮುತ್ತಿಗೆ ಹಾಕಲು ಬಂದ ಸೈನ್ಯದ ನಾಯಕ ಇದೇ ಅಳಿಯ ಅಜಂ. ಮರುವರ್ಷದ ಸೆಪ್ಟೆಂಬರಿನಲ್ಲಿ ಕೋಟೆಯ ಬಾಗಿಲು ತೆರೆಯಿತು.