ಸಭಾಂಗಣಕ್ಕೆ ಬಂದ ತಾರಾಯುದ್ಧ

1977ರ ನವೆಂಬರ್ 20ರಂದು ಅಮೆರಿಕದ ಲಾಸ್ ಏಂಜಲೀಸ್ ನಗರದ ಹಾಲಿವುಡ್ ಬೌಲ್ ಎಂಬ ಬಯಲು ರಂಗಮಂದಿರದಲ್ಲಿ ಒಂದು ಕಛೇರಿ ನಡೆಯಿತು. ಗುಡ್ಡದ ಇಳಿಜಾರಿನಲ್ಲಿ ಸುಮಾರು 17,500 ಆಸನಗಳಿರುವ ಈ ರಂಗಮಂದಿರ ಬೇಸಿಗೆಯ ಸಂಗೀತ ಸಂಜೆಗಳಿಗೆ ಹೆಸರಾದದ್ದು. ಅಂದು ವೇದಿಕೆಯ ಮೇಲಿದ್ದುದು ಲಾಸ್ ಏಂಜಲೀಸ್ ಫಿಲ್‌ಹಾರ್ಮೋನಿಕ್ ವಾದ್ಯವೃಂದ. ಅದನ್ನು ನಿರ್ದೇಶಿಸಿದವರು ನಮ್ಮ ಮುಂಬಯಿಯಲ್ಲಿ ಹುಟ್ಟಿ ಬೆಳೆದ ಜುಬಿನ್ ಮೆಹ್ತಾ. ಆದರೆ ಜನ ಬಂದದ್ದು ಬಿಥೋವನ್ ಅಥವಾ ಬ್ರಾಹ್ಮ್ಸ್‌ನ ಕೃತಿಗಳಿಗಾಗಿ ಅಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ತೆರೆಕಂಡಿದ್ದ ‘ಸ್ಟಾರ್ ವಾರ್ಸ್’ ಎಂಬ ಅಂತರಿಕ್ಷ ಸಾಹಸದ ಚಿತ್ರದ ಸಂಗೀತವನ್ನು ಕೇಳಲು. ವಾದ್ಯಗಳ ಮೊಳಗಿಗೆ ಜೊತೆಯಾಗಿ ಲೇಸರ್ ಕಿರಣಗಳ ಆಟವೂ ಇತ್ತು.

ಇಂದು ಇದರಲ್ಲಿ ಅಚ್ಚರಿಯೇನೂ ಕಾಣದು. ಆದರೆ ಅಂದಿನ ಮಟ್ಟಿಗೆ ಇದು ಸಣ್ಣ ಮಡಿವಂತಿಕೆಯನ್ನು ಮುರಿದ ಕೆಲಸವೇ. ಶಾಸ್ತ್ರೀಯ ಕಛೇರಿಯಲ್ಲಿ ಗಾಯಕರು ಸಿನಿಮಾ ಹಾಡನ್ನು ಎತ್ತಿಕೊಂಡರೆ ನಮ್ಮಲ್ಲಿ ಹಿರಿಯ ರಸಿಕರು ಹುಬ್ಬು ಗಂಟಿಕ್ಕುವುದುಂಟು. ಪಶ್ಚಿಮದ ಸಿಂಫನಿ ಸಭಾಂಗಣಗಳಲ್ಲೂ ಹಾಗೆಯೇ. ಚಲನಚಿತ್ರ ಸಂಗೀತವೆಂದರೆ ಕೂಲಿಗೆ ಬರೆದದ್ದು, ಚಿತ್ರದೊಡನೆ ಮರೆತುಹೋಗುವಂಥದು ಎಂಬ ಭಾವನೆ ಬಲವಾಗಿತ್ತು. ಅದರಲ್ಲೂ ರಾಕೆಟ್ಟು, ಮಾಂತ್ರಿಕ, ಅನ್ಯಗ್ರಹದ ಜೀವಿಗಳೆಂದರೆ ಹುಡುಗರ ಸರಕು. ಇಂಥವುಗಳ ಹುಚ್ಚು ಹಚ್ಚಿಕೊಂಡವರನ್ನು ‘ಗೀಕ್’ ಎಂದು ಮೂದಲಿಸುತ್ತಿದ್ದ ಕಾಲ ಅದು. ಈ ‘ಹುಡುಗರ ಸರಕು’ ನಲವತ್ತು-ನಲವತ್ತೈದು ವರ್ಷಗಳಲ್ಲಿ ಯುರೋಪಿನ ಅತ್ಯಂತ ಗೌರವಾನ್ವಿತ ಸಭಾಂಗಣಗಳ ಒಳಗೆ ಹೋಗಿ ಕುಳಿತದ್ದು ಹೇಗೆ ಎಂಬುದು ಇತ್ತೀಚಿನ ಸಂಗೀತ ಚರಿತ್ರೆಯ ಸ್ವಾರಸ್ಯಕರ ಅಧ್ಯಾಯ.

ಅದಕ್ಕೆ ಮೊದಲು ವಿಜ್ಞಾನ ಕಥೆಯ ಚಿತ್ರಗಳಿಗೆ ಸಂಗೀತವೆಂದರೆ ವಿಚಿತ್ರ ಸದ್ದುಗಳು ಎಂದೇ ಅರ್ಥ. 1951ರ ‘ದ ಡೇ ದಿ ಅರ್ತ್ ಸ್ಟುಡ್ ಸ್ಟಿಲ್’ ಚಿತ್ರಕ್ಕೆ ಬರ್ನಾರ್ಡ್ ಹರ್ಮನ್ ಥೆರೆಮಿನ್ ಎಂಬ, ಕೈ ತಾಗಿಸದೆಯೇ ನುಡಿಸುವ ವಿದ್ಯುತ್ ವಾದ್ಯವನ್ನು ಬಳಸಿದರು. 1956ರ ‘ಫರ್ಬಿಡನ್ ಪ್ಲಾನೆಟ್’ಗೆ ಲೂಯಿ ಮತ್ತು ಬೀಬಿ ಬ್ಯಾರನ್ ದಂಪತಿಗಳು ಸಂಪೂರ್ಣ ವಿದ್ಯುನ್ಮಾನ ಧ್ವನಿಗಳನ್ನೇ ಹೆಣೆದರು. ಅದನ್ನು ಸಂಗೀತವೆಂದು ಕರೆಯುವ ಧೈರ್ಯ ಚಿತ್ರದ ಶೀರ್ಷಿಕೆಗಳಿಗೂ ಇರಲಿಲ್ಲ. ಟೇಪಿನ ಮೇಲೆ ಕತ್ತರಿಸಿ ಅಂಟಿಸಿದ ಇಂಥ ಧ್ವನಿಗಳನ್ನು ಎಂಬತ್ತು-ತೊಂಬತ್ತು ಮಂದಿಯ ವಾದ್ಯವೃಂದ ವೇದಿಕೆಯ ಮೇಲೆ ನುಡಿಸುವುದಾದರೂ ಹೇಗೆ?

‘ಸ್ಟಾರ್ ವಾರ್ಸ್’ನಲ್ಲಿ ಜಾನ್ ವಿಲಿಯಮ್ಸ್ ಹಿಡಿದದ್ದು ತದ್ವಿರುದ್ಧ ದಾರಿ. ಕಣ್ಣಿಗೆ ಕಾಣುವುದೆಲ್ಲ ಅಪರಿಚಿತ. ಹಾಗಾಗಿ ಕಿವಿಗೆ ಕೇಳುವುದಾದರೂ ಪರಿಚಿತವಾಗಿರಲಿ ಎಂಬಂತೆ ಅವರು ಹತ್ತೊಂಬತ್ತನೆಯ ಶತಮಾನದ ಭಾವಪ್ರಧಾನ ಸಿಂಫನಿ ಶೈಲಿಗೆ ಮರಳಿದರು. ವಾಗ್ನರ್ ತನ್ನ ಗೀತನಾಟಕಗಳಲ್ಲಿ ಮಾಡಿದಂತೆ ಒಬ್ಬೊಬ್ಬ ಪಾತ್ರಕ್ಕೂ ಒಂದೊಂದು ಸ್ವರಪಂಕ್ತಿ. ಆ ಪಂಕ್ತಿ ಕೇಳಿಸಿದರೆ ಪಾತ್ರ ತೆರೆಯ ಮೇಲಿಲ್ಲದಿದ್ದರೂ ಮನಸ್ಸಿಗೆ ಬರುತ್ತದೆ. 1977ರ ಮಾರ್ಚಿನಲ್ಲಿ ಲಂಡನ್ ಸಿಂಫನಿ ವಾದ್ಯವೃಂದ ಇದನ್ನು ಮುದ್ರಿಸಿತು. ಡಿಸ್ಕೊ ಅಬ್ಬರದ ಆ ದಿನಗಳಲ್ಲಿ ಇದು ಹಳೆಯ ಕಾಲದ ರುಚಿ. ಮೀಕೊ ಎಂಬಾತ ಇದೇ ರಾಗಗಳಿಗೆ ಡಿಸ್ಕೊ ತಾಳ ಕಟ್ಟಿದ ಮುದ್ರಿಕೆ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದರೆ, ವಿಲಿಯಮ್ಸ್‌ರ ಮೂಲ 10ನೆಯ ಸ್ಥಾನದಲ್ಲೇ ನಿಂತಿತು! ಆದರೆ ಡಿಸ್ಕೊ ಹೋಯಿತು, ಮೂಲ ಉಳಿಯಿತು. ವಾದ್ಯವೃಂದಕ್ಕೆಂದೇ ಬರೆದದ್ದಾದ್ದರಿಂದ ಅದನ್ನು ಯಾವ ಊರಿನ ವಾದ್ಯವೃಂದವಾದರೂ ಎತ್ತಿಕೊಂಡು ನುಡಿಸಬಹುದಿತ್ತು. ಮೆಹ್ತಾ ಮಾಡಿದ್ದು ಅದನ್ನೇ.

ಎಲ್ಲರೂ ಒಪ್ಪಿದರೆಂದಲ್ಲ. ವಿಲಿಯಮ್ಸ್ 1980ರಲ್ಲಿ ಬಾಸ್ಟನ್ ಪಾಪ್ಸ್ ವಾದ್ಯವೃಂದದ ಮುಖ್ಯ ನಿರ್ದೇಶಕರಾದರು. ಬಾಸ್ಟನ್ ಸಿಂಫನಿಯ ವಾದಕರೇ ಲಘು ಸಂಗೀತ ನುಡಿಸುವಾಗ ಧರಿಸುವ ಹೆಸರು ಅದು. 1984ರಲ್ಲಿ ಅಭ್ಯಾಸದ ವೇಳೆ ಅವರ ಹೊಸ ಕೃತಿಯೊಂದಕ್ಕೆ ಕೆಲವು ವಾದಕರು ಹಾವಿನಂತೆ ಬುಸುಗುಟ್ಟಿ ಅಸಮಾಧಾನ ತೋರಿಸಿದರೆಂದು ವಿಲಿಯಮ್ಸ್ ರಾಜೀನಾಮೆಯನ್ನೇ ಕೊಟ್ಟರು. ಸಂಧಾನ ನಡೆದು ಕೆಲವೇ ವಾರಗಳಲ್ಲಿ ಅದನ್ನು ಹಿಂತೆಗೆದುಕೊಂಡು, 1993ರವರೆಗೂ ಅಲ್ಲಿಯೇ ಮುಂದುವರಿದರು. ಆಸ್ಕರ್ ಪ್ರಶಸ್ತಿಗಳ ಒಡೆಯನಿಗೇ ಈ ಪಾಡು ಎಂದರೆ ಉಳಿದವರ ಮಾತೇನು?

ಇದೇ ಹೊತ್ತಿಗೆ ಭೂಗೋಳದ ಇನ್ನೊಂದು ತುದಿಯಲ್ಲಿ, ಸಿನಿಮಾಕ್ಕಿಂತಲೂ ಕೀಳೆಂದು ಎಣಿಸಲಾಗಿದ್ದ ಸಂಗೀತವೊಂದು ಹುಟ್ಟುತ್ತಿತ್ತು. ಜಪಾನಿನ ನಿಂಟೆಂಡೊ ಸಂಸ್ಥೆಯ ‘ಫ್ಯಾಮಿಕಾಮ್’ ಎಂಬ ಆಟದ ಯಂತ್ರ 1983ರಿಂದ ಮನೆಮನೆಯ ಟಿ.ವಿ.ಗಳಿಗೆ ಅಂಟಿಕೊಂಡಿತು. ಅದರ ಧ್ವನಿಯ ಚಿಪ್ಪಿಗೆ ಒಂದೇ ಕಾಲಕ್ಕೆ ರಾಗ ನುಡಿಸಲು ಇದ್ದ ಕಂಠಗಳು ಮೂರೇ ಮೂರು. ತಾಳದ ಸದ್ದಿಗೆ ಬಳಸಬಹುದಾದ ಒಂದು ಗದ್ದಲದ ದನಿ ಬೇರೆ. ಆಟದಲ್ಲಿ ಕತ್ತಿ ಬೀಸಿದ, ಬಾಗಿಲು ತೆರೆದ ಸದ್ದು ಬೇಕಾದಾಗ ಆ ಮೂರರಲ್ಲೇ ಒಂದು ಕಂಠವನ್ನು ಕಸಿದುಕೊಳ್ಳಲಾಗುತ್ತಿತ್ತು.

1986ರ ಮೇ ತಿಂಗಳಲ್ಲಿ ಎನಿಕ್ಸ್ ಸಂಸ್ಥೆ ಈ ಯಂತ್ರಕ್ಕೆ ‘ಡ್ರಾಗನ್ ಕ್ವೆಸ್ಟ್’ ಎಂಬ ಆಟವನ್ನು ತಂದಿತು. ರಾಜಕುಮಾರಿ, ಘಟಸರ್ಪ, ಕತ್ತಿ ಹಿಡಿದ ವೀರ: ಅಜ್ಜಿಕಥೆಯದೇ ಸಾಮಗ್ರಿ. ಚಿತ್ರ, ಕಥೆ, ಸಂಗೀತ ಎಲ್ಲ ಸೇರಿ ಆಟದ ಇಡೀ ಮೈ 64 ಕಿಲೋಬೈಟ್ ಮಾತ್ರ. ಸಂಗೀತ ಕೊಟ್ಟ ಕೊಯಿಚಿ ಸುಗಿಯಾಮ ಆಗಲೇ 55 ವರ್ಷದವರು, ಟಿ.ವಿ. ನಿರ್ದೇಶಕರಾಗಿ, ಜನಪ್ರಿಯ ಗೀತೆಗಳ ಸಂಯೋಜಕರಾಗಿ ಹೆಸರು ಮಾಡಿದ್ದವರು. ಎನಿಕ್ಸ್‌ನ ಚದುರಂಗದಾಟವೊಂದನ್ನು ಆಡಿ, ಅದರೊಡನೆ ಬಂದಿದ್ದ ಅಭಿಪ್ರಾಯದ ಕಾರ್ಡನ್ನು ತುಂಬಿ ಅಂಚೆಗೆ ಹಾಕಿದ್ದೇ ಅವರಿಗೆ ಈ ಸಂಸ್ಥೆಯ ನಂಟು ಬೆಳೆಯಲು ಕಾರಣ.

ಮೂರು ಕಂಠಗಳ ಬಡತನವನ್ನು ಸುಗಿಯಾಮ ಶಾಪವೆಂದು ಭಾವಿಸಲಿಲ್ಲ. ಬಾಖ್‌ನ ಕಾಲದವರು ಎರಡು-ಮೂರು ಎಳೆಗಳಲ್ಲೇ ಪೂರ್ಣ ಸಂಗೀತ ನೇಯುತ್ತಿದ್ದರಲ್ಲವೆ? ಅರಮನೆಯ ದೃಶ್ಯಕ್ಕೆ ಅವರು ಬರೆದದ್ದು ಆ ಬರೊಕ್ ಮಾದರಿಯದೇ. ಗುಹೆಯ ಸಂಗೀತದಲ್ಲಿ ಒಂದು ಜಾಣತನವಿದೆ. ಆಡುವವನು ಒಂದೊಂದು ಅಂತಸ್ತು ಕೆಳಗಿಳಿದಂತೆ ಅದೇ ರಾಗ ಮಂದ್ರಕ್ಕೆ ಇಳಿಯುತ್ತ, ನಿಧಾನವಾಗುತ್ತ ಹೋಗುತ್ತದೆ. ಹೊಸದಾಗಿ ಒಂದು ಸ್ವರವನ್ನೂ ಬರೆಯದೆ ಕತ್ತಲನ್ನೂ ಆಳವನ್ನೂ ಕಿವಿಗೆ ಕಾಣಿಸಿದ ಬಗೆ ಇದು.

1987ರ ಆಗಸ್ಟಿನಲ್ಲಿ ಟೋಕಿಯೊದ ಸಂಟೋರಿ ಹಾಲಿನಲ್ಲಿ ಸುಗಿಯಾಮ ತಮ್ಮ ‘ಫ್ಯಾಮಿಲಿ ಕ್ಲಾಸಿಕ್ ಕನ್ಸರ್ಟ್’ ನಡೆಸಿ, ‘ಡ್ರಾಗನ್ ಕ್ವೆಸ್ಟ್’ನ ಮೊದಲ ಎರಡು ಆಟಗಳ ಸಂಗೀತವನ್ನು ವಾದ್ಯವೃಂದದಿಂದ ನುಡಿಸಿದರು. ವಿಡಿಯೋ ಗೇಮ್ ಸಂಗೀತದ ಮೊದಲ ವಾದ್ಯವೃಂದ ಕಛೇರಿಯೆಂದು ಗಣನೆಗೆ ಬಂದಿರುವುದು ಇದೇ. ಸಂಟೋರಿ ಹಾಲು ತೆರೆದು ಆಗ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಕರಾಯಾನ್‌ನಂಥ ನಿರ್ದೇಶಕರ ಸಲಹೆ ಪಡೆದು, ದ್ರಾಕ್ಷಿ ತೋಟದ ಮೆಟ್ಟಿಲುಗಳಂತೆ ವೇದಿಕೆಯ ಸುತ್ತ ಆಸನಗಳನ್ನು ಜೋಡಿಸಿ ಕಟ್ಟಿದ, ಟೋಕಿಯೊ ಹೆಮ್ಮೆಪಡುತ್ತಿದ್ದ ಸಭಾಂಗಣ ಅದು. ಕಛೇರಿಯ ಹೆಸರಿನಲ್ಲಿಯೇ ಸುಗಿಯಾಮರ ಲೆಕ್ಕಾಚಾರ ಇದೆ. ಮಗುವಿಗೆ ಆಟದ ರಾಗ ಗೊತ್ತು, ತಂದೆತಾಯಿಗೆ ಪಿಟೀಲಿನ ಗೌರವ ಗೊತ್ತು. ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸಿದರೆ ನಾಳಿನ ಸಿಂಫನಿ ಶ್ರೋತೃ ತಯಾರಾಗುತ್ತಾನೆ. 1990ರ ಹೊತ್ತಿಗೆ ಎನ್.ಎಚ್.ಕೆ. ಸಿಂಫನಿಯಂಥ ಹಿರಿಯ ವಾದ್ಯವೃಂದವೇ ‘ಡ್ರಾಗನ್ ಕ್ವೆಸ್ಟ್’ನ ನಾಲ್ಕನೆಯ ಆಟದ ಸಂಗೀತವನ್ನು ಮುದ್ರಿಸಿತು. 1991ರಿಂದ 1996ರವರೆಗೆ ಬೇರೆ ಬೇರೆ ಸಂಯೋಜಕರ ಆಟದ ಸಂಗೀತವನ್ನೂ ಒಟ್ಟುಗೂಡಿಸಿ ಟೋಕಿಯೊದಲ್ಲಿ ಕಛೇರಿಗಳ ಒಂದು ಮಾಲೆಯೇ ನಡೆಯಿತು.

ಚಿಪ್ಪಿನಿಂದ ವೇದಿಕೆಗೆ ಬರುವಾಗ ಎದುರಾಗುವ ತೊಡಕೂ ಸ್ವಾರಸ್ಯದ್ದು. ಆಟದ ಸಂಗೀತಕ್ಕೆ ಮುಕ್ತಾಯವೇ ಇಲ್ಲ. ಯುದ್ಧ ಅರ್ಧ ನಿಮಿಷ ನಡೆಯಬಹುದು, ಹತ್ತು ನಿಮಿಷವೂ ನಡೆಯಬಹುದು. ಅದು ಆಡುವವನ ಕೈಯಲ್ಲಿದೆ. ಆದ್ದರಿಂದ ಒಂದೆರಡು ನಿಮಿಷದ ತುಣುಕು ಚಕ್ರದಂತೆ ತಿರುಗುತ್ತಿರುತ್ತದೆ. ಅದನ್ನು ಕಛೇರಿಗೆ ತರುವವನು ಆರಂಭ, ಬೆಳವಣಿಗೆ, ಅಂತ್ಯಗಳನ್ನು ಹೊಸದಾಗಿ ಕಟ್ಟಬೇಕು. ಇನ್ನೊಂದು ಮಾತು: ಗಂಟೆಗಟ್ಟಲೆ ಒಂದೇ ರಾಗವನ್ನು ಕೇಳಿದ ಈ ಶ್ರೋತೃಗಳಿಗೆ ಕೃತಿ ಬಾಯಿಪಾಠ. ಒಂದು ಸ್ವರ ಆಚೀಚೆಯಾದರೂ ಗುರುತು ಹಿಡಿಯುತ್ತಾರೆ. ಇಂಥ ಶ್ರೋತೃಗಳು ಯಾವ ಸಂಗೀತಕ್ಕೂ ದೊಡ್ಡ ಆಸ್ತಿ.

‘ಫೈನಲ್ ಫ್ಯಾಂಟಸಿ’ ಆಟಗಳ ಸಂಯೋಜಕ ನೊಬುವೊ ವೆಮತ್ಸು ಸಂಗೀತ ಶಾಲೆಯಲ್ಲಿ ಕಲಿತವರಲ್ಲ, ಸ್ವಂತ ಅಭ್ಯಾಸದಿಂದ ಬೆಳೆದವರು. 1994ರಲ್ಲಿ ಬಂದ ಆರನೆಯ ಆಟದ ನಡುವೆ ಅವರು ಒಂದು ಗೀತನಾಟಕವನ್ನೇ ಇಟ್ಟರು. ಆ ಯಂತ್ರದ ಚಿಪ್ಪಿಗೆ ಎಂಟು ಕಂಠಗಳಿದ್ದರೂ ಧ್ವನಿಗೆ ಇದ್ದ ಜಾಗ 64 ಕಿಲೋಬೈಟ್. ಮನುಷ್ಯರ ಹಾಡು ಅದರಲ್ಲಿ ಹಿಡಿಸುವಂತಿಲ್ಲ. ನಾಯಕಿಯ ಗಾಯನವನ್ನು ಕೊಳಲಿನಂಥ ಒಂದು ಕೃತಕ ಸ್ವರ ನುಡಿಯಿತು, ಪದಗಳು ತೆರೆಯ ಮೇಲೆ ಅಕ್ಷರಗಳಾಗಿ ಮೂಡಿದವು. ಆಡುವವರು ಹಾಡನ್ನು ಮನಸ್ಸಿನಲ್ಲೇ ಕೇಳಿಕೊಂಡರು. ಮುಂದೆ ಕಛೇರಿಗಳಲ್ಲಿ ನಿಜವಾದ ಗಾಯಕಿ ಎದ್ದುನಿಂತು ಅದೇ ದೃಶ್ಯವನ್ನು ಹಾಡಿದಾಗ, ಕಲ್ಪನೆಯಲ್ಲಿ ಮಾತ್ರ ಇದ್ದ ದನಿಗೆ ಜೀವ ಬಂದಂತಾಯಿತು. ವೇದಿಕೆಯ ಮೇಲೆ ಜೀವಂತವಾಗಿ ನುಡಿಸುವುದು ಕೇವಲ ನಕಲಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಜಪಾನಿನ ಈ ಪದ್ಧತಿ ಹೊರಗೆ ಬರಲು ಹದಿನಾರು ವರ್ಷಗಳೇ ಬೇಕಾದವು. 2003ರ ಆಗಸ್ಟಿನಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಥಾಮಸ್ ಬೋಕರ್ ಎಂಬ ತರುಣ, ಆಟಗಳ ವಸ್ತುಪ್ರದರ್ಶನದ ಉದ್ಘಾಟನೆಗೆಂದು ಇಂಥ ಕಛೇರಿಯನ್ನು ಏರ್ಪಡಿಸಿದರು. ಸ್ಥಳ ಗೆವಾಂಡ್‌ಹೌಸ್. ಕಟ್ಟಡ 1981ರದಾದರೂ ಆ ಹೆಸರಿನ ಹಿಂದೆ, ಹತ್ತೊಂಬತ್ತನೆಯ ಶತಮಾನದಲ್ಲಿ ಅದರ ವಾದ್ಯವೃಂದವನ್ನು ನಿರ್ದೇಶಿಸಿದ ಮೆಂಡೆಲ್ಸನ್‌ನ ನೆರಳಿದೆ. 2004ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸ್ ಫಿಲ್‌ಹಾರ್ಮೋನಿಕ್ ವೆಮತ್ಸು ಅವರ ಸಂಗೀತವನ್ನು ನುಡಿಸಿದಾಗ ಟಿಕೆಟ್ಟುಗಳು ದಿನಗಳಲ್ಲೇ ಖಾಲಿಯಾದವು. 2005ರ ಜುಲೈನಲ್ಲಿ ಅದೇ ವಾದ್ಯವೃಂದ ಅದೇ ಹಾಲಿವುಡ್ ಬೌಲ್‌ನಲ್ಲಿ ‘ವಿಡಿಯೋ ಗೇಮ್ಸ್ ಲೈವ್’ ಎಂಬ ಕಾರ್ಯಕ್ರಮಕ್ಕೆ ಕುಳಿತಿತು. ಹನ್ನೊಂದು ಸಾವಿರ ಜನ ಸೇರಿದರು. ಈ ತಂಡದ ಪ್ರದರ್ಶನಗಳಲ್ಲಿ ಸಭಿಕರೊಬ್ಬರನ್ನು ಮೇಲೆ ಕರೆದು 1978ರ ‘ಸ್ಪೇಸ್ ಇನ್ವೇಡರ್ಸ್’ ಆಟವನ್ನು ವೇದಿಕೆಯ ಮೇಲೆ ಅತ್ತಿತ್ತ ಓಡಾಡಿಯೇ ಆಡಿಸುವುದುಂಟು. ಆಗ ವಾದ್ಯವೃಂದ ಆತನಿಗೆ ಜೊತೆಯಾಗುತ್ತದೆ. ಯಕ್ಷಗಾನದ ಭಾಗವತರು ವೇಷಧಾರಿಯ ಕುಣಿತ ನೋಡಿಕೊಂಡು ಪದ್ಯವನ್ನು ಹಿಗ್ಗಿಸಿ ಕುಗ್ಗಿಸುವುದನ್ನು ಕಂಡವರಿಗೆ ಇದೇನೂ ಹೊಸ ವಿದ್ಯೆಯಲ್ಲ.

ಆದರೆ ಬೆಳಕು, ಹೊಗೆ, ಬೃಹತ್ ಪರದೆಗಳ ಈ ದಾರಿಯಲ್ಲಿ ಒಂದು ಅಪಾಯವೂ ಇತ್ತು. ಹೊವರ್ಡ್ ಶೋರ್ ‘ದ ಲಾರ್ಡ್ ಆಫ್ ದ ರಿಂಗ್ಸ್’ ಚಿತ್ರಗಳಿಗೆ ಬರೆದ ಸಂಗೀತದ ಎರಡು ರೂಪಗಳನ್ನು ಹೋಲಿಸಿದರೆ ಅದು ತಿಳಿಯುತ್ತದೆ. ಟೋಲ್ಕಿನ್ ತನ್ನ ಕಥೆಗಾಗಿ ಸೃಷ್ಟಿಸಿದ ಭಾಷೆಗಳಲ್ಲೇ ಗಾಯಕವೃಂದ ಹಾಡುವ ಸಂಗೀತ ಇದು. ಶೋರ್ ಇದನ್ನು ಆರು ಭಾಗಗಳ ಸಿಂಫನಿಯಾಗಿ ಜೋಡಿಸಿ, 2003ರ ನವೆಂಬರಿನಲ್ಲಿ ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿ ಮೊದಲು ನುಡಿಸಿದರು. ಅಲ್ಲಿ ಸಂಗೀತವೇ ಕಥೆ ಹೇಳಬೇಕಿತ್ತು. 2008ರಲ್ಲಿ ಸ್ವಿಟ್ಜರ್ಲೆಂಡಿನ ಲುಸರ್ನ್‌ನಲ್ಲಿ ಮೊದಲ ಚಿತ್ರವನ್ನೇ ಪೂರ್ತಿಯಾಗಿ ತೋರಿಸಿ, ಕೆಳಗೆ ಕುಳಿತ ವಾದ್ಯವೃಂದ ಇಡೀ ಸಂಗೀತವನ್ನು ಅದಕ್ಕೆ ಹೊಂದಿಸಿ ನುಡಿಸಿತು. ಜನ ಮುಗಿಬಿದ್ದರು, ಇಂದು ಈ ಎರಡನೆಯ ಬಗೆಯೇ ಜಗತ್ತಿನ ತುಂಬ ಹೆಚ್ಚು ನಡೆಯುತ್ತದೆ. ಇದರಲ್ಲಿ ನಿರ್ದೇಶಕನ ಮುಂದೆ ಒಂದು ಪುಟ್ಟ ತೆರೆ. ಅದರ ಮೇಲೆ ಬಣ್ಣದ ಗೆರೆಯೊಂದು ಅಡ್ಡಲಾಗಿ ಸರಿದುಬಂದು ಅಂಚು ಮುಟ್ಟಿದಾಗ ಸರಿಯಾಗಿ ಆ ತಾಳ ಬೀಳಬೇಕು. ಕೆಲವೆಡೆ ವಾದಕರ ಕಿವಿಯಲ್ಲೂ ಗಡಿಯಾರದಂತೆ ‘ಟಿಕ್ ಟಿಕ್’ ಸದ್ದು. ಕೌಶಲವೇನೋ ಅಸಾಧಾರಣ. ಆದರೆ ಒಂದು ಸ್ವರದ ಮೇಲೆ ಕ್ಷಣಕಾಲ ತಡೆದು ನಿಲ್ಲುವ, ಇಂದಿನ ಮನೋಧರ್ಮಕ್ಕೆ ತಕ್ಕಂತೆ ನಡೆಯನ್ನು ಬದಲಿಸುವ ಸ್ವಾತಂತ್ರ್ಯ ನಿರ್ದೇಶಕನಿಗಿಲ್ಲ. ಚಿತ್ರದ ಸುರುಳಿ ಯಾರಿಗೂ ಕಾಯುವುದಿಲ್ಲವಲ್ಲ! ಕಛೇರಿ ಕಛೇರಿಯಾಗಿರುವುದು ಈ ಸ್ವಾತಂತ್ರ್ಯದಿಂದಲೇ. ಅದನ್ನು ಬಿಟ್ಟುಕೊಟ್ಟು ಪಡೆದ ಜನಸಂದಣಿ ವಾದ್ಯವೃಂದಗಳ ಬೊಕ್ಕಸಕ್ಕೆ ಒಳ್ಳೆಯದಿರಬಹುದು, ಸಂಗೀತಕ್ಕೆ ಅಷ್ಟೇ ಒಳ್ಳೆಯದೆಂದು ಹೇಳುವುದು ಕಷ್ಟ.

ಬೋಕರ್ ಆರಿಸಿಕೊಂಡದ್ದು ಪರದೆಯಿಲ್ಲದ ದಾರಿ. 2013ರ ಮೇ ತಿಂಗಳಲ್ಲಿ ಅವರ ತಂಡದ ‘ಫೈನಲ್ ಸಿಂಫನಿ’ಯನ್ನು ಲಂಡನ್ನಿನ ಬಾರ್ಬಿಕನ್ ಸಭಾಂಗಣದಲ್ಲಿ ನುಡಿಸಿದ್ದು, 1977ರಲ್ಲಿ ‘ಸ್ಟಾರ್ ವಾರ್ಸ್’ ಮುದ್ರಿಸಿದ ಅದೇ ಲಂಡನ್ ಸಿಂಫನಿ. ‘ಫೈನಲ್ ಫ್ಯಾಂಟಸಿ’ಯ ಆರನೆಯ ಆಟದ ರಾಗಗಳು ಅಲ್ಲಿ ಸಿಂಫನಿಕ್ ಕಾವ್ಯವಾಗಿದ್ದವು, ಹತ್ತನೆಯದು ಪಿಯಾನೊ ಕನ್ಸರ್ಟೊ, ಏಳನೆಯದು ಮೂರು ಭಾಗಗಳ ಸಿಂಫನಿ. ಆಟ ಆಡಿರದವರೂ ಕುಳಿತು ಕೇಳಬಹುದಾದ ಸಂಗೀತ.

2020ರ ಜನವರಿಯಲ್ಲಿ ವಿಯೆನ್ನಾ ಫಿಲ್‌ಹಾರ್ಮೋನಿಕ್ ತನ್ನ ಚಿನ್ನದ ಸಭಾಂಗಣಕ್ಕೆ 87 ವರ್ಷದ ಜಾನ್ ವಿಲಿಯಮ್ಸ್‌ರನ್ನು ಬರಮಾಡಿಕೊಂಡಿತು. ‘ಸ್ಟಾರ್ ವಾರ್ಸ್’ನ ಖಳನ ದಂಡಯಾತ್ರೆಯ ಸಂಗೀತವನ್ನು ಕಾರ್ಯಕ್ರಮಕ್ಕೆ ಸೇರಿಸಬೇಕೆಂದು ಕೇಳಿದವರು ಅಲ್ಲಿಯ ಹಿತ್ತಾಳೆ ವಾದ್ಯಗಳ ವಾದಕರೇ. ಬಾಸ್ಟನ್ನಿನ ಬುಸುಗುಟ್ಟುವಿಕೆಗೆ ಆಗ ಮೂವತ್ತಾರು ವರ್ಷ.

ಸುಗಿಯಾಮರಿಗೆ ದೊರೆತ ಗೌರವ ಬೇರೆ ಬಗೆಯದು. 2021ರ ಜುಲೈ 23ರಂದು ಟೋಕಿಯೊ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ದೇಶದೇಶಗಳ ಕ್ರೀಡಾಪಟುಗಳು ಆಟದ ಸಂಗೀತಕ್ಕೇ ಹೆಜ್ಜೆ ಹಾಕಿ ಒಳಬಂದರು. ಮೊದಲು ಕೇಳಿದ್ದು ‘ಡ್ರಾಗನ್ ಕ್ವೆಸ್ಟ್’ನ ಪೀಠಿಕಾ ಸಂಗೀತ. ಮೇರಿ ಕೋಮ್ ಮತ್ತು ಮನ್‌ಪ್ರೀತ್ ಸಿಂಗ್ ಧ್ವಜ ಹಿಡಿದ ಭಾರತದ ತಂಡ ಬಂದದ್ದೂ ಇದೇ ಸಂಗೀತಮಾಲೆಯ ನಡುವೆ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ನಡತೆಯನ್ನು ಕುರಿತ ಸುಗಿಯಾಮರ ನಿಲುವುಗಳು ತೀವ್ರ ಟೀಕೆಗೆ ಒಳಗಾಗಿದ್ದವು. ಈ ಆಯ್ಕೆಯನ್ನು ಆ ಕಾರಣಕ್ಕೆ ಆಕ್ಷೇಪಿಸಿದವರೂ ಇದ್ದರು. ಕೋವಿಡ್ ಕಾರಣದಿಂದ ಕ್ರೀಡಾಂಗಣದಲ್ಲಿ ಪ್ರೇಕ್ಷಕರಿರಲಿಲ್ಲ. ಮೊಳಗಿದ್ದು ಧ್ವನಿಮುದ್ರಿಕೆ. ಅದಾದ ಎರಡು ತಿಂಗಳಿಗೆ, ಸೆಪ್ಟೆಂಬರ್ 30ರಂದು, ಸುಗಿಯಾಮ 90ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮರುವರ್ಷದ ಆಗಸ್ಟ್ 1ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಬಿ.ಬಿ.ಸಿ.ಯ ಪ್ರಾಮ್ಸ್ ಸಂಗೀತೋತ್ಸವ ತನ್ನ ಚರಿತ್ರೆಯಲ್ಲೇ ಮೊದಲ ಬಾರಿಗೆ ಒಂದು ಇಡೀ ಸಂಜೆಯನ್ನು ಆಟಗಳ ಸಂಗೀತಕ್ಕೆ ಬಿಟ್ಟುಕೊಟ್ಟಿತು.