ಹೇರೆತ್ತಿನಿಂದ ಟೆಂಪೊವರೆಗೆ: ನಮ್ಮ ಊರು ಹೊತ್ತ ಹೊರೆಯ ಕಥೆ

ಸಂಘದ ರಜತ ಮಹೋತ್ಸವದ ಸ್ಮರಣ ಸಂಚಿಕೆಗೆ ಊರಿನ ಇತಿಹಾಸದ ಬಗ್ಗೆ ಏನಾದರೂ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ ನಾನು ಹಿಂಜರಿದೆ. ರಾಜರ ಕಥೆ, ಶಾಸನದ ಕಥೆ ಬರೆಯುವಷ್ಟು ಪಾಂಡಿತ್ಯ ನನ್ನಲ್ಲಿಲ್ಲ. ಆದರೆ ಇಟ್ಟಮಡುವಿನಂಥ ಪೇಟೆ ಪಕ್ಕದ ಊರುಗಳು ಬದುಕಿದ್ದೇ ಪೇಟೆಗೆ ಹೊರೆ ಸಾಗಿಸಿ. ತರಕಾರಿ, ಹಾಲು, ಹುಲ್ಲು, ಸೌದೆ, ಇವನ್ನೆಲ್ಲ ನಮ್ಮ ಹಿರಿಯರು ಯಾವುದರ ಮೇಲೆ ಹೇರಿದರು, ಹೇಗೆ ಕಟ್ಟಿದರು ಎನ್ನುವುದೂ ಇತಿಹಾಸವೇ ಅಲ್ಲವೇ? ಅದನ್ನೇ ನನಗೆ ತಿಳಿದಷ್ಟು ಬರೆದಿದ್ದೇನೆ.

ಹೇರೆತ್ತಿನ ಕಾಲ

ಗಾಡಿ ಓಡಾಡುವ ರಸ್ತೆಗಳು ಆಗುವುದಕ್ಕೆ ಮುಂಚೆ ನಮ್ಮ ಸೀಮೆಯ ಸರಕು ಹೆಚ್ಚಾಗಿ ಎತ್ತು, ಕತ್ತೆಗಳ ಬೆನ್ನಿನ ಮೇಲೆಯೇ ಸಾಗುತ್ತಿತ್ತು. ಎತ್ತಿನ ಬೆನ್ನಿಗೆ ಮೆತ್ತೆ ಹಾಕಿ, ಎರಡು ಕಡೆಗೂ ಸಮನಾಗಿ ಗೋಣಿ ಇಳಿಬಿಟ್ಟರೆ ಅದು ಒಂದು ಹೇರು. ಲಂಬಾಣಿ ವರ್ತಕರು ಇಂಥ ಸಾವಿರಾರು ಹೇರೆತ್ತುಗಳನ್ನು ಹೊಡೆದುಕೊಂಡು ಉಪ್ಪು, ದವಸ ಸಾಗಿಸುತ್ತಿದ್ದರು. 1791ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಬೆಂಗಳೂರು ಕೋಟೆಯನ್ನು ಹಿಡಿದು ಶ್ರೀರಂಗಪಟ್ಟಣದ ಕಡೆಗೆ ನಡೆದಾಗ, ಅದರ ಹೊಟ್ಟೆ ತುಂಬಿಸಿದವರಲ್ಲಿ ಈ ಹೇರೆತ್ತಿನವರೂ ಸೇರಿದ್ದರು.

ಹೇರು ಹಾಕುವುದರಲ್ಲಿ ಇದ್ದ ಗುಟ್ಟು ಒಂದೇ. ಎರಡು ಕಡೆಯ ತೂಕ ಸಮ ಇರಬೇಕು. ಒಂದು ಕಡೆ ಎರಡು ಸೇರು ಹೆಚ್ಚಾದರೂ ಮೆತ್ತೆ ಜಾರುತ್ತದೆ, ಬೆನ್ನು ಹುಣ್ಣಾಗುತ್ತದೆ. ಹುಣ್ಣಾದ ಎತ್ತು ಬಾಯಿ ಬಿಟ್ಟು ಹೇಳುವುದಿಲ್ಲ, ಆದರೆ ನಾಲ್ಕು ದಿನಕ್ಕೆ ಕುಳಿತುಬಿಡುತ್ತದೆ.

ಗಾಡಿ ಬಂತು

1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರ್ ಆಗಿದ್ದಾಗ ಗಾಡಿ ರಸ್ತೆಗಳು ಹೆಚ್ಚಿದವು. ಹೇರೆತ್ತು ಹೋಗಿ ಎತ್ತಿನ ಗಾಡಿ ಬಂತು. ಬಸವನಗುಡಿ ನಮ್ಮ ಊರಿಗೆ ಒಂದು ಹರದಾರಿಯೂ ಇಲ್ಲ. ಅಲ್ಲಿನ ದೊಡ್ಡ ಬಸವಣ್ಣನ ಗುಡಿಯನ್ನು ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆಂದು ಪ್ರತೀತಿ. ಕಾರ್ತೀಕದ ಕಡೇ ಸೋಮವಾರ ಕಡಲೆಕಾಯಿ ಪರಿಷೆಗೆ ಸುತ್ತಲ ಹಳ್ಳಿಗಳಿಂದ ಮೂಟೆ ಹೇರಿದ ಗಾಡಿಗಳು ಸಾಲುಗಟ್ಟುತ್ತಿದ್ದವು. 1928ರಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ ಆದ ಮೇಲೆ ತರಕಾರಿ ಗಾಡಿಗಳು ಮಧ್ಯರಾತ್ರಿಗೇ ಹೊರಟು, ಮೂಕಿಗೆ ಲಾಂದ್ರ ಕಟ್ಟಿಕೊಂಡು ಬೆಳಕು ಹರಿಯುವ ಹೊತ್ತಿಗೆ ಅಲ್ಲಿ ಸೇರುತ್ತಿದ್ದವು.

ಹುಲ್ಲು ಹೇರುವುದನ್ನು ಈಗಿನ ಹುಡುಗರು ನೋಡಿಲ್ಲ. ಗಾಡಿಯ ಎರಡೂ ಬದಿಗೆ ಗೂಟ ನಿಲ್ಲಿಸಿ, ಅಡ್ಡಕ್ಕೆ ಬಿದಿರು ಕಟ್ಟಿ ಗಾಡಿಯ ಮೈಯನ್ನೇ ಅಗಲ ಮಾಡುತ್ತಿದ್ದರು. ಆಳೆತ್ತರ ರಾಗಿಹುಲ್ಲು ಒಟ್ಟಿ, ಮೇಲೆ ಉದ್ದಕ್ಕೆ ಒಂದು ಗಳ ಇಟ್ಟು, ಆ ಗಳವನ್ನು ಹಿಂದಕ್ಕೂ ಮುಂದಕ್ಕೂ ಹಗ್ಗದಲ್ಲಿ ಜಗ್ಗಿ ಬಿಗಿಯುತ್ತಿದ್ದರು. ನಮ್ಮ ತಂದೆಯವರು ಹೇರಿ ಮುಗಿದ ಮೇಲೆ ಮೂಕಿಯನ್ನು ಒಂದೇ ಕೈಯಲ್ಲಿ ಎತ್ತಿ ನೋಡುತ್ತಿದ್ದರು. ಮೂಕಿ ಮೇಲೇಳದೇ ಹೋದರೆ ಮುಂಭಾರ, ಎತ್ತಿನ ಕುತ್ತಿಗೆ ಮೇಲೆ ಕೂರುತ್ತದೆ. ತಾನಾಗೇ ಮೇಲೆದ್ದರೆ ಹಿಂಭಾರ, ನೊಗ ಎದ್ದು ಕೊರಳಹಗ್ಗ ಎತ್ತಿನ ಗಂಟಲು ಹಿಡಿಯುತ್ತದೆ. ಭಾರವೆಲ್ಲ ಅಚ್ಚಿನ ಮೇಲೆ ಕುಳಿತು, ಕುತ್ತಿಗೆ ಮೇಲೆ ಹಿಡಿಯಷ್ಟು ಮಾತ್ರ ಇರಬೇಕು. ಅಲ್ಲಿಯವರೆಗೂ ಕಟ್ಟಿದ್ದನ್ನು ಬಿಚ್ಚಿ ಮತ್ತೆ ಹೇರಿಸುತ್ತಿದ್ದರು. ನಮಗೋ ಹಸಿವು, ಕತ್ತಲು. ಆದರೂ ಬಿಡುತ್ತಿರಲಿಲ್ಲ.

ಇದು ಹಳ್ಳಿಯವರ ಕುರುಡು ಪದ್ಧತಿಯಲ್ಲ. ನಮ್ಮ ಬೆಂಗಳೂರಿನಲ್ಲೇ 1973ರಲ್ಲಿ ಶುರುವಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್‌ನ ಮೊದಲ ನಿರ್ದೇಶಕರಾದ ಪ್ರೊ. ಎನ್.ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯ ಸುಧಾರಣೆಗಾಗಿಯೇ ಬಹಳ ಕಾಲ ದುಡಿದರು. ಒರಟು ನೊಗ, ಕಬ್ಬಿಣದ ಪಟ್ಟಿಯ ಚಕ್ರ, ಸರಿಯಿಲ್ಲದ ಹೊರೆ, ಇವುಗಳಿಂದ ಎತ್ತಿನ ಕುತ್ತಿಗೆ ಹುಣ್ಣಾಗುತ್ತದೆ, ಅದರ ಶಕ್ತಿಯೂ ಪೋಲಾಗುತ್ತದೆ ಎನ್ನುವುದು ಅವರ ವಾದ. ದೊಡ್ಡ ಕಂಪನಿಗಳ ಪಾಠ ಹೇಳುವ ಸಂಸ್ಥೆಯ ಮುಖ್ಯಸ್ಥರು ಎತ್ತಿನ ಹೆಗಲಿನ ಬಗ್ಗೆ ಮಾತಾಡಿದರೆಂಬುದು ನಮಗೆ ಹೆಮ್ಮೆಯ ವಿಷಯ ಎಂದರೆ ತಪ್ಪಾಗಲಾರದು.

ಸೈಕಲ್ಲು, ಹಾಲಿನ ಕ್ಯಾನು

ಬೆಂಗಳೂರು ಡೇರಿ 1965ರಲ್ಲಿ ಶುರುವಾಯಿತು. ಆದರೂ ಎಷ್ಟೋ ವರ್ಷ ನಮ್ಮ ಕಡೆಯವರು ಮನೆಮನೆಗೆ, ಹೋಟೆಲಿಗೆ ಸೈಕಲ್ಲಿನಲ್ಲೇ ಹಾಲು ಹಾಕುತ್ತಿದ್ದರು. ಅಂಗಡಿಯಿಂದ ತಂದ ಕ್ಯಾರಿಯರ್ ಸಾಲದು. ಅದನ್ನು ಬಿಚ್ಚಿ ಕಬ್ಬಿಣದ ದಪ್ಪ ಸಲಾಕೆಯ ಸ್ಟ್ಯಾಂಡು ಮಾಡಿಸಿ, ಎರಡೂ ಬದಿಗೆ ಕ್ಯಾನು ನೇತುಹಾಕಲು ಕೊಕ್ಕೆ ಬೆಸೆಸುತ್ತಿದ್ದೆವು.

ಇಲ್ಲಿ ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು. ಎಪ್ಪತ್ತರ ದಶಕದ ಕೊನೆ ಇರಬೇಕು. ಹೊಸ ಕೊಕ್ಕೆ ಹಾಕಿಸುವಾಗ ಪೆಡಲ್ ತುಳಿಯಲು ಕಾಲಿಗೆ ತಗಲುತ್ತದೆಂದು ಎರಡು ಕ್ಯಾನನ್ನೂ ಹಿಂದಕ್ಕೆ ಸರಿಸಿ ಬೆಸೆಸಿದೆ. ಬೆಸುಗೆಯವನು, 'ಹಿಂದಕ್ಕಾಯ್ತು ಕಣಪ್ಪ' ಅಂದ. ನಾನು ಕೇಳಲಿಲ್ಲ. ಮೂರನೇ ದಿನ ಏರಿನಲ್ಲಿ ಮುಂದಿನ ಚಕ್ರ ಎದ್ದಿತು, ಸೈಕಲ್ಲು ಹೊರಳಿತು, ಎರಡೂ ಕ್ಯಾನು ಚರಂಡಿ ಪಾಲು. ಒಂದು ಕ್ಯಾನು ನಮ್ಮದು. ಇನ್ನೊಂದು ಪಕ್ಕದ ಮನೆ ಅಜ್ಜಿಯದು. ಒಂದೇ ಹಸು ಕಟ್ಟಿಕೊಂಡು ಮೊಮ್ಮಕ್ಕಳನ್ನು ಸಾಕುತ್ತಿದ್ದ ಮುದುಕಿ. ತಂದೆಯವರು ಬೈಯಲಿಲ್ಲ. ಕೊಕ್ಕೆ ನೋಡಿ, 'ಹಿಂಭಾರ ಹಾಕಿದೀಯಲ್ಲೋ' ಅಂದರು ಅಷ್ಟೆ. ಅಜ್ಜಿಯ ಹಾಲಿನ ದುಡ್ಡನ್ನು ನಾಲ್ಕು ಕಂತಿನಲ್ಲಿ ತೀರಿಸಿದೆ. ಅಜ್ಜಿ ಮಾತ್ರ ಆಮೇಲೆ ನನ್ನ ಸೈಕಲ್ಲಿಗೆ ಹಾಲು ಕೊಡಲೇ ಇಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

1980ರಲ್ಲಿ ಟಿವಿಎಸ್ 50 ಬಂದ ಮೇಲೆ ಕ್ಯಾನು ಮೊಪೆಡ್ ಏರಿತು. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಬಹುಪಾಲು ಗಾಡಿ ಕೆಲಸ ಅದರ ಪಾಲಾಯಿತು. ವಾಹನ ಬದಲಾಯಿತೇ ವಿನಾ ಮೂಕಿ ಎತ್ತಿ ನೋಡುವ ಲೆಕ್ಕ ಬದಲಾಗಲಿಲ್ಲ.

ದೋಣಿ ಹೊರುವವರು

ನಮ್ಮ ಊರ ಹೆಸರಿನಲ್ಲೇ ಮಡು ಇದೆ. ಮಡು ಎಂದರೆ ಆಳವಾದ ನೀರು. ನೀರಿನಲ್ಲಿ ದೋಣಿ ನಮ್ಮನ್ನು ಹೊರುತ್ತದೆ. ನೆಲದ ಮೇಲೆ ದೋಣಿಯನ್ನು ನಾವೇ ಹೊರಬೇಕು! 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸರ ಪಾಯಸ್, ಬುಟ್ಟಿಯಂತೆ ದುಂಡಗಿದ್ದು ಹೊರಗೆ ಚರ್ಮ ಹೊದಿಸಿದ ಹರಿಗೋಲಿನಲ್ಲಿ ಹದಿನೈದು ಇಪ್ಪತ್ತು ಜನ ಹೊಳೆ ದಾಟುವುದನ್ನು ಬರೆದಿದ್ದಾನೆ. ಕಾವೇರಿಯ ಹೊಗೇನಕಲ್ಲಿನಲ್ಲಿ ಪ್ರವಾಸಿಗರನ್ನು ಹೊಳೆಯ ಜೊತೆ ಇಳಿಸಿದ ಅಂಬಿಗ, ಹರಿಗೋಲನ್ನು ಬೋರಲು ಹಾಕಿ ಬೆನ್ನಿಗೇರಿಸಿಕೊಂಡು ನಡೆಯುವುದನ್ನು ನೋಡಬಹುದು. ದೂರದಿಂದ ಆಮೆಯೊಂದು ಎದ್ದು ನಡೆದ ಹಾಗೆ ಕಾಣುತ್ತದೆ.

ವಾಹನದ ಮೇಲೆ ದೋಣಿ ಸಾಗಿಸುವಾಗಲೂ ಅದನ್ನು ಬೋರಲು ಹಾಕುವುದೇ ವಾಡಿಕೆ. ಮಳೆನೀರು ನಿಲ್ಲುವುದಿಲ್ಲ, ಗಾಳಿ ತುಂಬುವುದೂ ಕಡಿಮೆ. ಮೇಲ್ಛಾವಣಿಗೆ ಎರಡು ಅಡ್ಡಪಟ್ಟಿ ಸಾಧ್ಯವಾದಷ್ಟು ದೂರದೂರಕ್ಕೆ ಹಾಕಿ, ಪಟ್ಟಿಗೆ ಬಿಗಿದ ಮೇಲೆ ಮೂತಿಗೊಂದು, ಬಾಲಕ್ಕೊಂದು ಹಗ್ಗ ಕಟ್ಟಿ ಮುಂದಕ್ಕೂ ಹಿಂದಕ್ಕೂ ಎಳೆಯಬೇಕು. ವೇಗ ಹೆಚ್ಚಾದಂತೆ ಗಾಳಿ ದೋಣಿಯನ್ನು ಮೇಲಕ್ಕೆತ್ತುತ್ತದೆ. ಅಡ್ಡ ಹಗ್ಗ ಒಂದನ್ನೇ ನಂಬಿದರೆ ಹಾರಿ ಹಿಂದಿನವನ ತಲೆ ಮೇಲೆ ಬೀಳಬಹುದು. ಹುಲ್ಲಿನ ಗಾಡಿಗೆ ನಮ್ಮವರು ಮಾಡುತ್ತಿದ್ದುದೂ ಇದನ್ನೇ ಅಲ್ಲವೇ!

ಬೆಂಗಳೂರಿಗೂ ದೋಣಿಗೂ ಏನು ಸಂಬಂಧ ಎಂದು ನಗಬೇಡಿ. 2020ರ ಅಕ್ಟೋಬರಿನಲ್ಲಿ ನಮ್ಮ ಪಕ್ಕದ ಹೊಸಕೆರೆಹಳ್ಳಿಯ ದತ್ತಾತ್ರೇಯ ನಗರದಲ್ಲಿ ರಾಜಕಾಲುವೆಯ ನೀರು ಮನೆಗಳಿಗೆ ನುಗ್ಗಿತು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು ಕಡೆ ಬಡಾವಣೆಗಳೇ ಮುಳುಗಿ, ಜನರನ್ನು ದೋಣಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಸಾಗಿಸಬೇಕಾಯಿತು. ಕೆರೆ, ಕಾಲುವೆ ಮುಚ್ಚಿದ ಊರಿಗೆ ದೋಣಿಯೇ ವಾಹನ ಏರಿ ಬಂತು.

ಕೊನೆಯ ಮಾತು

ಇಂದು ಇಟ್ಟಮಡುವಿನ ಹೊಲ ನಗರದೊಳಗೆ ಕರಗಿದೆ. ಆದರೆ ಟೆಂಪೊ, ಪಿಕಪ್ ಓಡಿಸಿ ಅನ್ನ ದುಡಿಯುವವರು ನಮ್ಮಲ್ಲಿ ಇದ್ದಾರೆ. ಅವರಿಗೆ ಹಿರಿಯನಾಗಿ ಒಂದು ಮಾತು. ಭಾರದ್ದು ಕೆಳಗೆ, ಹಗುರದ್ದು ಮೇಲೆ ಹಾಕಿ. ಕಬ್ಬಿಣ, ಪೈಪು ಹೊರಗೆ ಚಾಚಿಕೊಂಡಿರಬಾರದು, 2019ರ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ ಅದಕ್ಕೆಂದೇ ದಂಡ ಇಟ್ಟಿದೆ. ಹೊರಟು ಒಂದು ಮೈಲಿ ಆದ ಮೇಲೆ ನಿಲ್ಲಿಸಿ ಹಗ್ಗ ಮುಟ್ಟಿ ನೋಡಿ. ಹೊಸ ಹಗ್ಗ ಮೊದಲ ಮೈಲಿಯಲ್ಲೇ ಸಡಿಲವಾಗುವುದು.

1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ದೇಶದ ಮೊದಲ ಸಹಕಾರ ಸಂಘ ಕಟ್ಟಿದಾಗ ಮಾಡಿದ್ದೂ ಇಂಥ ಕೆಲಸವೇ. ಒಬ್ಬ ರೈತನ ಕುತ್ತಿಗೆ ಮೇಲಿದ್ದ ಸಾಲದ ಭಾರವನ್ನು ಊರೆಲ್ಲದರ ಅಚ್ಚಿನ ಮೇಲೆ ಕೂರಿಸಿದರು. ಅಂದು ನಾನು ಚೆಲ್ಲಿದ್ದು ಹಾಲಲ್ಲ, ಆ ಅಜ್ಜಿಯ ನಂಬಿಕೆ. ಸಂಘದಲ್ಲಿ ನಾವು ಹೊತ್ತಿರುವುದೂ ಅಂಥ ಎಷ್ಟೋ ಮನೆಗಳ ಕ್ಯಾನು. ಮುಂದಿನ ಇಪ್ಪತ್ತೈದು ವರ್ಷವೂ ನಮ್ಮ ಹಿರಿಯರಂತೆ ಆಗಾಗ ಮೂಕಿ ಎತ್ತಿ ನೋಡಿಕೊಳ್ಳುತ್ತಿರೋಣ.