ಕಲ್ಲುನೆಲದ ಗುಲಾಬಿ

ಮಡ್ಕಯಿಯ ಕೆಂಪು ಕಲ್ಲುಮಣ್ಣು ಕಂಡವರೆಲ್ಲ ಹೇಳುವ ಮಾತು ಒಂದೇ: "ಇಲ್ಲಿ ಗುಲಾಬಿ ಬರೋದಿಲ್ಲ ಸರ್." ಕೊಪ್ಪಳ, ಗದಗ, ಬಾಗಲಕೋಟೆ ಕಡೆಯಿಂದ ದುಡಿಯಲು ಬಂದ ನಮ್ಮ ಪಾಲಕರು ಇದಕ್ಕೆ ಇನ್ನೊಂದು ಮಾತು ಸೇರಿಸುತ್ತಾರೆ: "ನಮ್ಮೂರಾಗೂ ಅಷ್ಟ, ಬರೇ ಕಲ್ಲು, ನೀರಿಲ್ಲ." ಈ ಮಾತು ಕೇಳಿದಾಗಲೆಲ್ಲ ನಮಗೆ ಇತಿಹಾಸದ ಪಾಠವೊಂದು ನೆನಪಾಗುತ್ತದೆ.

1443ರಲ್ಲಿ ಪರ್ಷಿಯಾದ ದೊರೆ ಶಾರುಖನ ರಾಯಭಾರಿ ಅಬ್ದುಲ್ ರಜಾಕ್ ವಿಜಯನಗರಕ್ಕೆ ಬಂದ. ಆಗ ಆಳುತ್ತಿದ್ದವನು ಇಮ್ಮಡಿ ದೇವರಾಯ. ಪೇಟೆಯ ಎಲ್ಲೆಡೆ ಗುಲಾಬಿ ಮಾರುವುದನ್ನು ಅವನು ಕಂಡ. ಇಲ್ಲಿಯ ಜನಕ್ಕೆ ಅನ್ನದಷ್ಟೇ ಗುಲಾಬಿಯೂ ಬೇಕು ಎಂಬರ್ಥದಲ್ಲಿ ಬರೆದಿಟ್ಟ. ರಾಬರ್ಟ್ ಸಿವೆಲ್ 1900ರಲ್ಲಿ ಪ್ರಕಟಿಸಿದ ವಿಜಯನಗರದ ಇತಿಹಾಸದ ಮೂಲಕ ಈ ಮಾತು ಎಲ್ಲರಿಗೂ ತಲುಪಿತು. ಆ ಕಾಲದಲ್ಲಿ ಗೋವೆಯೂ ಅದೇ ರಾಜ್ಯದಲ್ಲಿತ್ತು. 1472ರಲ್ಲಿ ಬಹಮನಿಗಳ ಮಹಮೂದ್ ಗವಾನ ಅದನ್ನು ಗೆದ್ದುಕೊಂಡ.

ಹಂಪಿ ನೋಡಿದವರಿಗೆ ಗೊತ್ತು, ಅದು ಬಂಡೆಗಳ ಊರು. ಗೋವೆಯಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಬಿದ್ದರೆ ಅಲ್ಲಿ ಅದರ ಕಾಲು ಭಾಗವೂ ಬೀಳುವುದಿಲ್ಲ. ಹಾಗಾದರೆ ಅಷ್ಟೊಂದು ಹೂವು ಎಲ್ಲಿಂದ ಬಂತು?

ಉತ್ತರ ಕಾಲುವೆಗಳಲ್ಲಿದೆ. ತುಂಗಭದ್ರೆಗೆ ಅಡ್ಡಗಟ್ಟೆ ಕಟ್ಟಿ, ಬಂಡೆಗಳ ನಡುವೆ ಕಾಲುವೆ ತೋಡಿ, ನೀರನ್ನು ತೋಟಗಳಿಗೆ ತಿರುಗಿಸಿದರು. ಅವುಗಳಲ್ಲಿ ತುರ್ತಾ ಕಾಲುವೆ ಇಂದಿಗೂ ಹರಿಯುತ್ತಿದೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯ ಕಟ್ಟಿಸುತ್ತಿದ್ದ ಕೆರೆಯೊಂದರಲ್ಲಿ 15ರಿಂದ 20 ಸಾವಿರ ಜನ ದುಡಿಯುತ್ತಿದ್ದರೆಂದು ಅಂದಾಜು ಮಾಡಿದ್ದಾನೆ. ರಾಜನ ಹೆಸರು ನಮ್ಮ ಪುಸ್ತಕಗಳಲ್ಲಿದೆ. ಮಣ್ಣು ಹೊತ್ತವರ ಹೆಸರು ಇಲ್ಲ.

ಇನ್ನು ನಮ್ಮ ಮಡ್ಕಯಿಗೆ ಬರೋಣ. ಇಲ್ಲಿಯ ಬಡತನ ಬೇರೆ ಥರದ್ದು. ಇದು ಜಂಬಿಟ್ಟಿಗೆ ಮಣ್ಣು. ನಾಲ್ಕು ತಿಂಗಳ ಜಡಿಮಳೆ ಮಣ್ಣಿನ ಸಾರವನ್ನೆಲ್ಲ ತೊಳೆದುಕೊಂಡು ಹೋಗುತ್ತದೆ, ಮಣ್ಣು ಹುಳಿಯಾಗುತ್ತದೆ. ಮಳೆ ನಿಂತ ಮೇಲೆ ನೀರು ಸೋಸಿ ಇಳಿದು ನೆಲ ಬೇಗ ಒಣಗುತ್ತದೆ. ಅಲ್ಲಿ ನೀರು ತರಬೇಕಿತ್ತು. ಇಲ್ಲಿ ಬಂದ ನೀರನ್ನೂ ಸಾರವನ್ನೂ ಹಿಡಿದಿಡಬೇಕು.

ಹಿಡಿದಿಡುವ ಕ್ರಮ ಹೀಗೆ. ಎರಡಡಿ ಅಗಲ, ಎರಡಡಿ ಆಳದ ಗುಂಡಿ ತೆಗೆಯಿರಿ. ಕಲ್ಲು ಆರಿಸಿ ಹಾಕಿ, ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ತರಗೆಲೆ ಗೊಬ್ಬರ, ಸ್ವಲ್ಪ ಎಲುಬಿನ ಪುಡಿ ಬೆರೆಸಿ ತುಂಬಿರಿ. ನಾಟಿಗೆ ಜಡಿಮಳೆ ಮುಗಿದ ಅಕ್ಟೋಬರ್ ಒಳ್ಳೆಯದು. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಲ್ಲದಂತೆ ಮಣ್ಣು ಏರಿಸಿರಿ. ಬೇಸಿಗೆಯಲ್ಲಿ ದಿನಾಲೂ ಚಿಮುಕಿಸುವುದಕ್ಕಿಂತ ಎರಡು ಮೂರು ದಿನಕ್ಕೊಮ್ಮೆ ಬೇರಿಗೆ ಇಳಿಯುವಂತೆ ನೀರು ಕೊಡಿ. ಬುಡಕ್ಕೆ ತೆಂಗಿನ ಸಿಪ್ಪೆ, ಒಣ ಎಲೆ ಹೊದಿಸಿ, ಆದರೆ ಕಾಂಡಕ್ಕೆ ತಾಗದಿರಲಿ. ಕಸಿ ಗಂಟಿನ ಕೆಳಗೆ ಚಿಗುರಿದರೆ ತೆಗೆದುಹಾಕಿ. ಅದು ಕಾಡುಬೇರಿನ ಚಿಗುರು, ಬಿಟ್ಟರೆ ಗಿಡದ ಶಕ್ತಿಯನ್ನೆಲ್ಲ ಅದೇ ನುಂಗುತ್ತದೆ.

ಶಿಕ್ಷಕ ಮಿತ್ರರೆ, ಗುಂಡಿ ತೋಡುವ ಕೆಲಸವನ್ನು ಇತಿಹಾಸದ ತಾಸಿನಲ್ಲೇ ಮಾಡಿಸಿ ನೋಡಿ. "ನಮ್ಮೂರು ಬರೇ ಕಲ್ಲು" ಎಂದು ಮನೆಯಲ್ಲಿ ಕೇಳಿ ಬೆಳೆದ ಕೊಪ್ಪಳದ ಮಗುವಿಗೆ ಒಂದು ವಿಷಯ ತಿಳಿಯಬೇಕು. ಅದರ ಊರಿಗೆ ಹತ್ತಿರದ ಹೊಳೆಯ ದಂಡೆಯಲ್ಲೇ ಗುಲಾಬಿ ಅನ್ನದಷ್ಟು ಮುಖ್ಯವಾಗಿತ್ತು. ಅದನ್ನು ಸಾಧ್ಯ ಮಾಡಿದವರು ಗುದ್ದಲಿ ಹಿಡಿದ ಜನ, ಅದರ ಅಪ್ಪ ಅವ್ವನಂಥವರೇ. ಪರೀಕ್ಷೆಯಲ್ಲಿ ಈ ಪ್ರಶ್ನೆ ಬರಲಿಕ್ಕಿಲ್ಲ. ಆದರೂ ಹೇಳಿಕೊಡೋಣ.